ಫಾನಿಗೆ ಬೆನ್ನು ತೋರಿಸಿದ ಕಪ್ತಾನ

ಮಂಗಳವಾರ ಮಧ್ಯಾಹ್ನ, ಉಂಡ ಊಟ ಹೊಟ್ಟೆಯಲ್ಲಿ ಇನ್ನೂ ಜಾಗ ಹುಡುಕುತ್ತಿದ್ದ ಹೊತ್ತಿನಲ್ಲಿ, ಲಾವಾಂದೂ ಊರಿನ ಮರಗಳ ನೆರಳಿನ ಬಯಲಲ್ಲಿ ನಮ್ಮ ಕಪ್ತಾನ ಒನೊರಾ ಬ್ರೆಮೋಂ ಅವರ ಆಟ ಹನ್ನೆರಡು–ಸೊನ್ನೆಗೆ ಬಂದು ನಿಂತಿತ್ತು. ಹನ್ನೆರಡು ಎದುರಾಳಿಯದು. ಸೊನ್ನೆ ಅವರ ಸ್ವಯಾರ್ಜಿತ.

ಎದುರಾಳಿ ಎಂದರೆ ನಮ್ಮದೇ ಹಡಗಿನ ಹನ್ನೊಂದನೆಯ ಕೋಣೆಯ ಮಾದಾಂ ಅರ್ಮಾಂದ್ ಪಾಸ್ತೊರೆಲ್. ಮೂವತ್ತನಾಲ್ಕು ವರ್ಷ ಬೆಟ್ಟದ ಹಳ್ಳಿಗಳಲ್ಲಿ ಅಂಚೆ ಹಂಚಿ, ಮಂಡಿ ಸವೆದರೂ ಮಣಿಕಟ್ಟು ಸವೆಯದೆ ನಿವೃತ್ತಳಾದ ಹೆಂಗಸು. ಬೆಟ್ಟದವರಿಗೆ ಗುಂಡಾಟ ಏನು ಗೊತ್ತು ಎಂದು ಊಟದ ಮೇಜಿನಲ್ಲಿ ನಕ್ಕವರು ಕಪ್ತಾನರೇ. ಆಕೆ ಕೈಚೀಲದಿಂದ ಸ್ವಂತ ಗುಂಡುಗಳನ್ನು ತೆಗೆದು ಚಿಂದಿ ಬಟ್ಟೆಯಲ್ಲಿ ಒರೆಸತೊಡಗಿದಾಗಲೇ ನನಗೆ ಅನುಮಾನ ಬಂದಿತ್ತು.

ನಮ್ಮ ಕರಾವಳಿಯ ಗಂಡಸಿನ ಒಂದು ಕೈಯಲ್ಲಿ ಕಬ್ಬಿಣದ ಗುಂಡು, ಇನ್ನೊಂದರಲ್ಲಿ ಸೋಂಪಿನ ವಾಸನೆಯ ಗುಂಡು. ಹಾಗಾಗಿ ಗುಂಡು ಹಾಕಿ ಬರುತ್ತೇನೆಂದು ಹೊರಟವನನ್ನು ಯಾವ ಗುಂಡು ಎಂದು ಹೆಂಡತಿ ಕೇಳುವುದಿಲ್ಲ. ಆಟ ಬಹಳ ಸರಳ. ಹಂದಿಮರಿ ಎಂದು ನಾವು ಕರೆಯುವ ಪುಟ್ಟ ಮರದ ಗೋಲಿಯನ್ನು ಮೊದಲು ದೂರಕ್ಕೆ ಎಸೆಯುತ್ತೇವೆ. ಯಾರ ಗುಂಡು ಅದರ ಪಕ್ಕ ಹೋಗಿ ಕೂರುತ್ತದೋ ಅವರಿಗೆ ಅಂಕ. ಹದಿಮೂರು ಮುಟ್ಟಿದವರು ಗೆದ್ದರು. ಸೋತವರು ಒಂದೆರಡು ಅಂಕವಾದರೂ ಗಳಿಸಿದ್ದರೆ ಮನೆಗೆ ಹೋಗಬಹುದು. ಸೊನ್ನೆಯಲ್ಲೇ ಸೋತವರು ಮಾತ್ರ ಫಾನಿಯ ಬಳಿಗೆ ಹೋಗಬೇಕು.

ಫಾನಿ ಪ್ರತಿ ಊರಿನ ಗುಂಡಾಟದ ಸಂಘದಲ್ಲೂ ಇದ್ದಾಳೆ. ಗೋಡೆಯ ಮೇಲೆ, ಪುಟ್ಟ ಪರದೆಯ ಹಿಂದೆ, ಬಣ್ಣ ಬಳಿದ ಬೊಂಬೆಯಾಗಿ, ಲಂಗ ಎತ್ತಿಕೊಂಡು ಲೋಕಕ್ಕೆ ಬೆನ್ನು ಮಾಡಿ ನಿಂತಿರುತ್ತಾಳೆ. ಬೆನ್ನು ಎಂದದ್ದು ನನ್ನ ಮರ್ಯಾದೆ. ಕಾಣುವುದು ಅದಕ್ಕಿಂತ ಒಂದು ಗೇಣು ಕೆಳಗಿನದು. ಸೊನ್ನೆಯವರು ಎಲ್ಲರೆದುರು ಮಂಡಿಯೂರಿ ಅಲ್ಲಿಗೇ ಮುತ್ತಿಡಬೇಕು. ಗಂಟೆ ಬಾರಿಸುತ್ತಾರೆ, ಫೋಟೋ ತೆಗೆಯುತ್ತಾರೆ, ಫೋಟೋ ಗೋಡೆಗೆ ಏರುತ್ತದೆ.

ಕಪ್ತಾನರು ಮೂವತ್ತೆಂಟು ವರ್ಷ ಆಡಿಯೂ ಆ ಗೋಡೆಗೆ ಏರಿದವರಲ್ಲ. ನಮ್ಮ ‘ಗಾಬಿಯಾನ್’ ಹಡಗು ಇಪ್ಪತ್ತನಾಲ್ಕು ಪ್ರಯಾಣಿಕರನ್ನು ಹೊತ್ತು, ಕರಾವಳಿಯ ಊರೂರಿಗೂ ಮೂತಿ ತೂರಿಸುತ್ತ, ಶನಿವಾರ ಸೆತ್ ತಲುಪಬೇಕಿತ್ತು. ಭಾನುವಾರ ಸೆತ್‌ನಲ್ಲಿ ಕಪ್ತಾನರ ಗುಂಡಾಟದ ಸಂಘದ ಅಧ್ಯಕ್ಷರ ಚುನಾವಣೆ. ಅವರೊಬ್ಬರೇ ಅಭ್ಯರ್ಥಿ. ಆದರೂ ಕರಪತ್ರ ಅಚ್ಚು ಹಾಕಿಸಿದ್ದರು. ಅದರಲ್ಲಿ ಇದ್ದದ್ದು ಒಂದೇ ಸಾಲು: ‘ಒನೊರಾ ಬ್ರೆಮೋಂ. ತುಟಿ ಶುದ್ಧ.’

ಹನ್ನೆರಡು–ಸೊನ್ನೆಯಾದಾಗ ಶುದ್ಧ ತುಟಿಗಳು ಅದುರಿದವು. ಕಪ್ತಾನರು ಆಕಾಶ ನೋಡಿದರು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಬೆರಳು ನೆಕ್ಕಿ ಎತ್ತಿ ಹಿಡಿದರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

“ತೂಸಾಂ, ಮಿಸ್ತ್ರಾಲ್ ಏಳ್ತಾ ಇದೆ,” ಎಂದರು ನನ್ನ ಕಡೆ ತಿರುಗಿ. “ಜನಾನ ಹಡಗಿಗೆ ಹತ್ಸು.”

ನಾನು ಅವರ ಸಹಾಯಕ. ಮಿಸ್ತ್ರಾಲ್ ಎಂಬ ಆ ಕೆಟ್ಟ ಗಾಳಿ ಎದ್ದಿದೆ ಎಂದರೆ ಎದ್ದಿದೆ. ಸೀಟಿ ಊದಿದೆ. ಐಸ್‌ಕ್ರೀಂ ನೆಕ್ಕುತ್ತಿದ್ದವರು ನೆಕ್ಕುತ್ತಲೇ ಓಡಿ ಬಂದರು. ಮಾದಾಂ ಪಾಸ್ತೊರೆಲ್ ಮಾತ್ರ ನಿಧಾನವಾಗಿ ಗುಂಡುಗಳನ್ನು ಎತ್ತಿ ಒರೆಸಿಕೊಂಡು, ಆಟ ನಿಂತಿದೆಯೇ ಹೊರತು ಮುಗಿದಿಲ್ಲ ಎಂದು ಹೇಳಿ ಹಡಗು ಹತ್ತಿದಳು. ಆ ಸಂಜೆ ಸಮುದ್ರ ಎಷ್ಟು ಶಾಂತವಾಗಿತ್ತೆಂದರೆ ಅಡಿಗೆಯವನು ಹಡಗಿನ ಮೇಲ್ಗಡೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ.

ಮರುದಿನದಿಂದ ನಮ್ಮ ದಾರಿಯೇ ಬದಲಾಯಿತು. ಪಟ್ಟಿಯಲ್ಲಿದ್ದ ಹಳ್ಳಿಗಳೆಲ್ಲ ಒಂದೊಂದಾಗಿ ಕೈಬಿಟ್ಟುಹೋದವು, ಏಕೆಂದರೆ ಹಳ್ಳಿ ಎಂದರೆ ಬಯಲು, ಬಯಲು ಎಂದರೆ ಗುಂಡು, ಗುಂಡು ಎಂದರೆ ಫಾನಿ. ಕಪ್ತಾನರು ನಕ್ಷೆಯ ಮೇಲೆ ಭೂತಗನ್ನಡಿ ಹಿಡಿದು, ಕಾಫಿ ಲೋಟ ಇಡುವಷ್ಟೂ ಸಮತಟ್ಟು ನೆಲವಿಲ್ಲದ ಜಾಗಗಳನ್ನು ಹುಡುಕಿದರು. ಬುಧವಾರ ಒಂದು ಬಂಡೆಯ ಸಂದಿ. ಗುರುವಾರ ಅದಕ್ಕಿಂತ ಕಡಿದಾದ ಇನ್ನೊಂದು ಸಂದಿ. ಅಲ್ಲಿ ಮೇಕೆಗಳು ಕೂಡ ಒಂದನ್ನೊಂದು ಒರಗಿಕೊಂಡು ನಿಂತಿದ್ದವು.

ಪ್ರಯಾಣಿಕರಿಗೆ ಮುಖ ತೋರಿಸುವ ಧೈರ್ಯ ಕಪ್ತಾನರಿಗಿರಲಿಲ್ಲ. ಧ್ವನಿವರ್ಧಕದಲ್ಲಿ ಅವರ ಪರವಾಗಿ ನಾನೇ ಮಾತಾಡಿದೆ, ಅವರದೇ ಗಂಟಲಿನಲ್ಲಿ. ಅದು ಕಷ್ಟವೇನಲ್ಲ. ಲಂಗರಿನ ಸರಪಳಿಯನ್ನು ಗಂಟಲೊಳಗೆ ಇಳಿಬಿಟ್ಟ ಹಾಗೆ ಗೊರಗುಟ್ಟಿ, ವಾಕ್ಯದ ತುದಿಗೊಂದು ‘ಅಲ್ವೇ’ ಅಂಟಿಸಿದರೆ ಕಪ್ತಾನರು ತಯಾರು. ಇಂದು ನಿಸರ್ಗದ ದಿನ, ಅಲ್ವೇ, ಎಂದು ಬುಧವಾರ ಗೊರಗುಟ್ಟಿದೆ. ಇಂದೂ ನಿಸರ್ಗದ ದಿನ, ಅಲ್ವೇ, ಎಂದು ಗುರುವಾರ. ಎರಡನೆಯದಕ್ಕೆ ಕೆಳಗಿನಿಂದ ಯಾರೋ ‘ಅಲ್ಲ’ ಎಂದರು.

ಮಾದಾಂ ಪಾಸ್ತೊರೆಲ್ ದೂರಲಿಲ್ಲ. ದಿನವೂ ಬೆಳಿಗ್ಗೆ ಪುಟ್ಟ ದೋಣಿಯಲ್ಲಿ ದಡಕ್ಕೆ ಹೋಗಿ, ನೆಲವನ್ನು ಕಾಲಿನಿಂದ ತಟ್ಟಿ ನೋಡಿ, ತಲೆಯಾಡಿಸಿ ವಾಪಸಾಗುವಳು. ಮಧ್ಯಾಹ್ನ ಅಡಿಗೆಮನೆಯಿಂದ ನಿಂಬೆಹಣ್ಣು ತಂದು ಕೋಣೆಗಳ ನಡುವಿನ ಓಣಿಯ ಜಮಖಾನದ ಮೇಲೆ ಎಸೆದು ಅಭ್ಯಾಸ ಮಾಡುವಳು. ಒಂದೊಂದು ಹಣ್ಣು ಧೊಪ್ಪೆಂದಾಗಲೂ ಕೆಳಗಿನ ಕೋಣೆಯಲ್ಲಿ ಕಪ್ತಾನರು ಹಾಸಿಗೆಯ ಮೇಲೆ ಸ್ವಲ್ಪ ಸ್ವಲ್ಪವೇ ಕುಗ್ಗುತ್ತಿದ್ದರು.

ಶುಕ್ರವಾರ ಮೂರನೆಯ ಸಂದಿಗೆ ಲಂಗರು ಹಾಕಿದಾಗ ಪ್ರಯಾಣಿಕರು ಮುಷ್ಕರ ಹೂಡಿದರು. ನಮ್ಮ ದೇಶದಲ್ಲಿ ಅದಕ್ಕೆ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹತ್ತು ನಿಮಿಷದಲ್ಲಿ ಸಮಿತಿಯಾಯಿತು, ಸಮಿತಿ ಒಡೆದು ಎರಡು ಸಮಿತಿಯಾಯಿತು, ಹಾಸಿಗೆಯ ಬಟ್ಟೆಯ ಮೇಲೆ ‘ಬಂಡೆ ಸಾಕು, ಬಯಲು ಬೇಕು’ ಎಂದು ಬರೆದು ಹಡಗಿನ ಕಟಕಟೆಗೆ ಕಟ್ಟಿದರು. ಊಟ ತಪ್ಪಬಾರದು ಎಂಬ ವಿಷಯದಲ್ಲಿ ಮಾತ್ರ ಎರಡೂ ಸಮಿತಿಗಳಿಗೆ ಒಮ್ಮತವಿತ್ತು. ಹಾಗಾಗಿ ಮುಷ್ಕರ ಎರಡು ಗಂಟೆಗೆ ಆರಂಭವಾಗಿ, ಆರಕ್ಕೆ ಸೋಂಪಿನ ಗುಂಡಿನ ವೇಳೆಗೆ ಮುಗಿಯತಕ್ಕದ್ದೆಂದು ನಿರ್ಣಯವಾಯಿತು. ನಾಯಕ ಲಿಯೋಂ ಊರಿನ ದಂತವೈದ್ಯ ಗ್ರಾಂಜೋನ್.

“ಮೂರು ದಿನದಿಂದ ಕಲ್ಲೇ ನೋಡ್ತಾ ಇದೀವಿ ಕಪ್ತಾನ್ರೇ,” ಎಂದ ಆತ, ಮುಚ್ಚಿದ ಬಾಗಿಲಿನ ಮುಂದೆ ನಿಂತು. “ಕಲ್ಲಿಗೋಸ್ಕರ ನಾನು ಇಲ್ಲೀವರೆಗೂ ಬರ್ಬೇಕಿತ್ತಾ? ನನ್ನ ಕಿಡ್ನೀಲೇ ಎರಡಿದ್ವು.”

ಒಳಗಿನಿಂದ ಕಪ್ತಾನರು ಗಾಳಿಯ ಬಗ್ಗೆ ಏನೋ ಹೇಳಿದರು. ಗ್ರಾಂಜೋನ್ ಬೆಂಕಿಕಡ್ಡಿ ಗೀರಿ ಬಾಗಿಲಿನ ಕಿಂಡಿಗೆ ಹಿಡಿದ. ಜ್ವಾಲೆ ನೆಟ್ಟಗೆ ನಿಂತಿತು. ಕಡ್ಡಿ ಪೂರ್ತಿ ಉರಿದು ಬೆರಳು ಸುಡುವವರೆಗೂ ನಿಂತಿತು. ನಾಲ್ಕು ಗಂಟೆಗೆ ಲಂಗರು ಎತ್ತಿ, ಪೋರ್‌ಅಮಿಯೆಲ್ ಎಂಬ ಹಳ್ಳಿಗೆ ಹೋದೆವು. ಒಂದು ಕಾಫಿ ಅಂಗಡಿ, ಒಂದು ಇಗರ್ಜಿ, ಎರಡಕ್ಕಿಂತಲೂ ದೊಡ್ಡದಾದ ಗುಂಡಾಟದ ಬಯಲು.

ಬಯಲಿನ ಅಂಚಿನ ಸಂಘದಲ್ಲಿ ಸಿದ್ವಾನ್ ಎಂಬ ಮುದುಕ ನಮಗಾಗಿಯೇ ಕಾದಿದ್ದವನಂತೆ ಟೆಲಿಫೋನ್ ಹಿಡಿದು ನಿಂತಿದ್ದ. ಕರಾವಳಿಯ ಸಂಘಗಳೆಲ್ಲ ಒಂದಕ್ಕೊಂದು ಸುದ್ದಿ ದಾಟಿಸುತ್ತವೆ. ಸುದ್ದಿಯ ಮುಂದೆ ನಮ್ಮ ಹಡಗು ಆಮೆ. ಸೆತ್ ಸಂಘದ ಕಾರ್ಯದರ್ಶಿ ಲೆಯೊಂಸ್ ಮಾತಾಡಬೇಕಂತೆ, ಬ್ರೆಮೋಂ ಯಾರು ಎಂದು ಸಿದ್ವಾನ್ ಕೇಳಿದ. ಕಪ್ತಾನರು ನನ್ನನ್ನು ತೋರಿಸಿದರು.

ವಿಧಿಯಿಲ್ಲದೆ ಗಂಟಲಿಗೆ ಸರಪಳಿ ಇಳಿಸಿ, ಹೇಳಿ ಲೆಯೊಂಸ್, ಅಲ್ವೇ, ಎಂದೆ.

“ಏನಯ್ಯಾ ಒನೊರಾ, ಲಾವಾಂದೂನಲ್ಲಿ ಗಾಳಿ ಎದ್ದಿತ್ತಂತೆ?”

ಎದ್ದಿತ್ತು, ಎಂದೆ.

“ನೀನು ಸೊನ್ನೇಲಿದ್ದಾಗ ಮಾತ್ರ ಏಳೋ ಗಾಳಿ ಅದು. ಮೂವತ್ತೆಂಟು ವರ್ಷದಿಂದ ನೋಡ್ತಾ ಇದೀವಿ, ಪಾಪ ಅಂತ ಸುಮ್ಮನಿದ್ವಿ. ಈಗ ಅಧ್ಯಕ್ಷ ಆಗ್ತೀನಿ ಅಂತೀಯ. ನಮ್ಮ ಸಂಘದಲ್ಲಿ ಫಾನಿಗೆ ಮುತ್ತಿಟ್ಟೋರು ನೂರಾ ಹತ್ತು ಜನ ಇದ್ದಾರೆ ಕಣಯ್ಯ, ನಾನೇ ನಾಲ್ಕು ಸಲ ಇಟ್ಟಿದೀನಿ. ಅವಳಿಗೆ ಬೆನ್ನು ತೋರಿಸಿದೋನು ನೀನೊಬ್ಬನೇ. ಓಟ ಕಿತ್ತೋನಿಗೆ ಓಟು ಯಾರು ಹಾಕ್ತಾರೆ?”

ಪಕ್ಕದಲ್ಲಿ ಕಪ್ತಾನರು ಏನಂತೆ ಏನಂತೆ ಎಂದು ತೋಳು ಜಗ್ಗುತ್ತಿದ್ದರು. ನನಗೆ ಅವರ ಅಧ್ಯಕ್ಷಗಿರಿ ಕೈಜಾರುವುದು ಕಣ್ಣಿಗೆ ಕಂಡ ಹಾಗಾಯಿತು. ಇಂದೇ ಫಾನಿಗೆ ಮುತ್ತಿಡುತ್ತೇನೆ, ಫೋಟೋ ಕಳಿಸುತ್ತೇನೆ, ಅಲ್ವೇ, ಎಂದು ಅವರ ಗಂಟಲಿನಲ್ಲಿ ಅವರ ಮಾತು ಕೊಟ್ಟುಬಿಟ್ಟೆ. ಹಾಗಾದರೆ ಚುನಾವಣೆ ನಿನ್ನದೇ ಎಂದು ಲೆಯೊಂಸ್ ಫೋನ್ ಇಟ್ಟ.

ವಿಷಯ ತಿಳಿದ ಕಪ್ತಾನರು ಬೆಂಚಿನ ಮೇಲೆ ಕುಸಿದು ಎರಡು ನಿಮಿಷ ಟೋಪಿಯೊಳಗೆ ನೋಡುತ್ತ ಕುಳಿತರು. ಮೂವತ್ತೆಂಟು ವರ್ಷ ತುಟಿ ಕಾಪಾಡಿದ್ದು ಈ ಕುರ್ಚಿಗಾಗಿ. ಈಗ ಕುರ್ಚಿ ಬೇಕಾದರೆ ತುಟಿ ಕೊಡಬೇಕು. ಕೊನೆಗೆ ಎದ್ದು, ಪರದೆ ಎಲ್ಲಿದೆ, ಈಗಲೇ ಮುಗಿಸಿಬಿಡುತ್ತೇನೆ ಎಂದರು.

ಸಿದ್ವಾನ್ ಪರದೆಯ ಮುಂದೆ ಕೈ ಅಡ್ಡ ಹಿಡಿದ. “ಎಲ್ಲೋ ಸೋತ ಹನ್ನೆರಡನ್ನ ಇಲ್ಲಿ ತಂದು ಸುರೀಬೇಡಿ ಕಪ್ತಾನ್ರೇ. ನಮ್ಮ ಫಾನಿ ದಾರೀಲಿ ಹೋಗೋರಿಗೆಲ್ಲ ಇರೋಳಲ್ಲ. ಈ ನೆಲದಲ್ಲಿ ಮೊದಲಿಂದ ಆಡಿ, ಹದಿಮೂರು–ಸೊನ್ನೆ ಸೋಲಿ, ಆಮೇಲೆ ಬನ್ನಿ.”

ಸೋಲುವುದು ತಾನೇ, ಎಂದರು ಕಪ್ತಾನರು, ಬಹಳ ಹಗುರವಾಗಿ. ಮೊದಲ ಗುಂಡನ್ನು ನೇರವಾಗಿ ಇಗರ್ಜಿಯ ಗೋಡೆಯ ಕಡೆ ಎಸೆದರು. ಪಾದ್ರಿ ಕಿಟಕಿ ಮುಚ್ಚಿಕೊಂಡ. ಮಾದಾಂ ಪಾಸ್ತೊರೆಲ್ ತನ್ನ ಗುಂಡುಗಳನ್ನು ಕೈಚೀಲಕ್ಕೆ ವಾಪಸು ಹಾಕತೊಡಗಿದಳು.

“ಬೇಕೂಂತ ಸೋಲೋರ ಜೊತೆ ನಾನು ಆಡಲ್ಲ,” ಎಂದಳು. “ಕಾಗದಾನ ಗೊತ್ತಿದ್ದೂ ಪಕ್ಕದ ಮನೆಗೆ ನಾನು ಒಂದು ದಿನಾನೂ ಹಾಕಿಲ್ಲ. ಸರಿಯಾಗಿ ಆಡಿ. ನಾನು ಸೋಲಿಸ್ತೀನಿ, ಚಿಂತೆ ಬೇಡ.”

ಕಪ್ತಾನರಿಗೆ ಅದರಲ್ಲಿ ಸಂದೇಹವೇ ಇರಲಿಲ್ಲ. ಮಂಗಳವಾರ ಜೀವ ಕೊಟ್ಟು ಆಡಿದಾಗಲೇ ಸೊನ್ನೆ ಬಂದಿತ್ತಲ್ಲ. ಗೋಡೆಯ ಬುಡದಿಂದ ಗುಂಡನ್ನು ಹೆಕ್ಕಿ ತಂದು, ನಿಶ್ಚಿಂತೆಯಿಂದ, ಮೀಸೆಯಡಿಯಲ್ಲಿ ಹಾಡೊಂದನ್ನು ಗುನುಗುತ್ತ, ಸರಿಯಾಗಿ ಗುರಿಯಿಟ್ಟು ಎಸೆದರು. ಗುಂಡು ಹೋಗಿ ಹಂದಿಮರಿಗೆ ಕೆನ್ನೆ ಒತ್ತಿ ಕುಳಿತಿತು.

ಎರಡನೆಯದೂ ಹಾಗೇ. ಮೂರನೆಯದು ಮಾದಾಂ ಪಾಸ್ತೊರೆಲ್‌ಳ ಗುಂಡನ್ನು ಬಡಿದು ಹೊರಹಾಕಿ ಅದರ ಜಾಗದಲ್ಲಿ ತಾನು ಕುಳಿತಿತು. ಮೂರು–ಸೊನ್ನೆ. ಫಾನಿಯ ಭಯದಲ್ಲಿ ಮೂವತ್ತೆಂಟು ವರ್ಷ ನಡುಗಿದ್ದ ಕೈ ಈಗ ನಡುಗಲು ಕಾರಣವಿಲ್ಲದೆ ನೆಟ್ಟಗಾಗಿಬಿಟ್ಟಿತ್ತು. ಐದು–ಸೊನ್ನೆಯಲ್ಲಿ ಕಪ್ತಾನರ ಗುನುಗು ನಿಂತಿತು. ಎಂಟು–ಸೊನ್ನೆಯಲ್ಲಿ ಬೆವರಿದರು. ತಾವು ಎಸೆದ ಗುಂಡಿನ ಹಿಂದೆಯೇ ಓಡಿ, ಆ ಕಡೆ, ಇನ್ನೂ ಆ ಕಡೆ, ಎಂದು ಅದಕ್ಕೆ ಬುದ್ಧಿ ಹೇಳತೊಡಗಿದರು. ಅದು ಕೇಳಲಿಲ್ಲ. ಮಾದಾಂ ಪಾಸ್ತೊರೆಲ್ ಕೂಡ ತನ್ನ ಕೈಲಾದದ್ದನ್ನೆಲ್ಲ ಮಾಡಿದಳು. ಆದರೆ ಮೂರು ದಿನ ನಿಂಬೆಹಣ್ಣು ಎಸೆದ ಕೈಗೆ ಕಬ್ಬಿಣ ಭಾರವಾಗಿ, ಪ್ರತಿ ಗುಂಡೂ ಒಂದು ಗೇಣು ಹಿಂದೆಯೇ ಬೀಳುತ್ತಿತ್ತು. ಗೆಲ್ಲುತ್ತಿದ್ದವರು ದೇವರೇ ಎಂದು ತಲೆ ಹಿಡಿದುಕೊಂಡಾಗ, ಸೋಲುತ್ತಿದ್ದಾಕೆ ಅವರಿಗೆ ನೀರು ತಂದು ಕೊಟ್ಟಳು.

ಹದಿಮೂರು–ಸೊನ್ನೆ. ಮೂವತ್ತೆಂಟು ವರ್ಷದಲ್ಲೇ ಕಪ್ತಾನರ ಅತ್ಯುತ್ತಮ ಆಟ. ಪ್ರಯಾಣಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಪ್ತಾನರು ಮರಕ್ಕೆ ಹಣೆ ಒತ್ತಿ ನಿಂತಿದ್ದರು.

ಮಾದಾಂ ಪಾಸ್ತೊರೆಲ್ ಗುಂಡುಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು, ಯಾರೂ ಕರೆಯುವ ಮೊದಲೇ ಸಂಘದೊಳಗೆ ನಡೆದಳು. ಪರದೆ ಸರಿಸಿದಳು, ಮಂಡಿಯೂರಿದಳು, ಲಕೋಟೆಗೆ ಅಂಚೆಚೀಟಿ ಅಂಟಿಸುವಷ್ಟೇ ಹೊತ್ತಿನಲ್ಲಿ ಕೆಲಸ ಮುಗಿಸಿ ಎದ್ದಳು. ಫೋಟೋದಲ್ಲಿ ಗ್ರಾಂಜೋನ್‌ನ ಹೆಬ್ಬೆರಳೇ ಬಂದಿತ್ತು. ಹಾಗಾದರೆ ಇನ್ನೊಮ್ಮೆ, ಎಂದು ಮತ್ತೆ ಮಂಡಿಯೂರಿದಳು.

ಇಷ್ಟನ್ನೂ ಸಿದ್ವಾನ್ ಫೋನಿನಲ್ಲಿ ಸೆತ್‌ಗೆ ವರದಿ ಮಾಡುತ್ತಿದ್ದ. ಆಮೇಲೆ ಲೆಯೊಂಸ್ ಒಂದೇ ಪ್ರಶ್ನೆ ಕೇಳಿದನಂತೆ: ಭಾನುವಾರ ಆಕೆಗೆ ಬೇರೆ ಕೆಲಸವಿದೆಯೇ?

ಇರಲಿಲ್ಲ. ಶನಿವಾರ ಸಂಜೆ ಸೆತ್‌ನಲ್ಲಿ ಹಡಗಿನಿಂದ ಇಳಿದ ಮಾದಾಂ ಪಾಸ್ತೊರೆಲ್‌ಳನ್ನು ಸಂಘಕ್ಕೆ ಸೇರಿಸಿಕೊಂಡರು, ಭಾನುವಾರ ಬೆಳಿಗ್ಗೆ ಚುನಾವಣೆಗೆ ನಿಲ್ಲಿಸಿದರು. ಇಪ್ಪತ್ತಮೂರು ಸಹಪ್ರಯಾಣಿಕರೂ ಊರಿಗೆ ಹೋಗುವ ರೈಲು ಬಿಟ್ಟು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಲೆಯೊಂಸ್ ಚೀಟಿ ಬಿಡಿಸುತ್ತ ಹೋದ. ಪಾಸ್ತೊರೆಲ್, ಪಾಸ್ತೊರೆಲ್, ಪಾಸ್ತೊರೆಲ್. ನೂರಾ ಹನ್ನೊಂದನೆಯ ಚೀಟಿ ಕಪ್ತಾನರದೇ. ಕೋಳಿ ಕೆದರಿದಂಥ ಆ ಅಕ್ಷರ ಎಲ್ಲರಿಗೂ ಗೊತ್ತು. ಅದರಲ್ಲೂ ಪಾಸ್ತೊರೆಲ್ ಎಂದೇ ಇತ್ತು.

“ನೀವೇ ಯಾಕೆ ಹಾಕಿದ್ರಿ?” ಎಂದು ಮೆಲ್ಲಗೆ ಕೇಳಿದೆ.

“ಒಳ್ಳೆ ಆಟಗಾರ್ತಿ ಕಣೋ,” ಎಂದರು. “ಮಂಗಳವಾರದ ಆಟ ನೀನೇ ನೋಡಿದೀಯಲ್ಲ.”

ಲೆಯೊಂಸ್ ಫಲಿತಾಂಶವನ್ನು ಕರಿಹಲಗೆಯ ಮೇಲೆ ಬರೆದ: ಪಾಸ್ತೊರೆಲ್ ನೂರಾ ಹನ್ನೊಂದು, ಬ್ರೆಮೋಂ ಸೊನ್ನೆ. ಬರೆದವನು ಅದನ್ನೇ ಒಂದು ಗಳಿಗೆ ನೋಡಿದ. ಇಡೀ ಸಭೆ ನೋಡಿತು. ಚುನಾವಣೆಗೂ ಸೊನ್ನೆಯ ನಿಯಮ ಅನ್ವಯಿಸುತ್ತದೆಯೇ ಎಂದು ಹಿಂದಿನಿಂದ ಗ್ರಾಂಜೋನ್ ಕೇಳಿದ. ಅನ್ವಯಿಸುವುದಿಲ್ಲ ಎಂದು ಎಲ್ಲೂ ಬರೆದಿಲ್ಲ ಎಂದ ಲೆಯೊಂಸ್.

ಯಾರೂ ಕಪ್ತಾನರ ಹೆಸರೆತ್ತಲಿಲ್ಲ. ಅವರೇ ಎದ್ದರು. ಟೋಪಿ ತೆಗೆದು ನನ್ನ ಕೈಗಿತ್ತರು, ಬೆರಳಿನಿಂದ ಮೀಸೆ ಎರಡು ಕಡೆಗೂ ಸರಿಸಿಕೊಂಡರು, ನೂರಾ ಹತ್ತು ಫೋಟೋಗಳ ಗೋಡೆಯ ಮುಂದೆ ನಡೆದುಹೋಗಿ ಪರದೆಯ ಎದುರು ನಿಂತರು. ಲೆಯೊಂಸ್ ಗಂಟೆಯ ಹಗ್ಗ ಹಿಡಿದ. ಹೊಸ ಅಧ್ಯಕ್ಷೆ ತನ್ನ ಕುರ್ಚಿಯ ಮೆತ್ತೆಯನ್ನು ಎಳೆದು ತೆಗೆದು, ಅವರ ಕಾಲ ಬಳಿ ಇಟ್ಟಳು.

“ಮಂಡಿ ಕೆಳಗೆ ಹಾಕ್ಕೊಳ್ಳಿ ಕಪ್ತಾನ್ರೇ,” ಎಂದಳು. “ನೆಲ ತಣ್ಣಗಿದೆ.”