ಯಾರನ್ನು ಕರೆಸಲಿ
ಕೊನೆಗಾಲದ ರೋಗಿಗಳ ಆರೈಕೆಯ ತರಬೇತಿಯಲ್ಲಿ ಅಂದು ರೋಗಿಯಾಗಿ ನಟಿಸುವ ಸರದಿ ಹಿರಿಯ ನರ್ಸ್ ದೊಡ್ಡಕ್ಕನದು. ಮೊದಲು ಮಲಗಿದವರೆಲ್ಲ ಇಲ್ಲದ ಮಗನನ್ನೋ ಮಗಳನ್ನೋ ಹುಟ್ಟಿಸಿಕೊಂಡು ನರಳಿದಾಗ ಅವಳು, "ನಾಟಕದ ಕಂಪನಿಗೆ ಸೇರ್ಕೊಳ್ರಮ್ಮ" ಎಂದು ರೇಗಿದ್ದಳು. ಈಗ ತಾನೇ ಮಂಚದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದಳು. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಪಕ್ಕದಲ್ಲಿ ಕೂತು, ಹೇಳಿಕೊಟ್ಟ ಹಾಗೆಯೇ ಅವಳ ಕೈ ಹಿಡಿದು ಕೇಳಿದಳು: "ನಿಮ್ಮ ಹತ್ರ ಯಾರಿದ್ರೆ ಚೆನ್ನಾಗಿರುತ್ತೆ? ಹೇಳಿ, ಕರೆಸ್ತೀನಿ."

ಸುಳ್ಳಿಗಾದರೂ ಒಬ್ಬರ ಹೆಸರು ಹೇಳೋಣವೆಂದು ದೊಡ್ಡಕ್ಕ ತಡಕಾಡಿದಳು. ಒಂದೂ ನಾಲಿಗೆಗೆ ಬರಲಿಲ್ಲ. ಇಡೀ ತರಗತಿ ಉತ್ತರಕ್ಕೆ ಕಾಯುತ್ತಿತ್ತು. ಆ ಹುಡುಗಿಯ ಕೈ ಮಾತ್ರ ಬೆಚ್ಚಗಿತ್ತು. ಅದನ್ನು ಬಿಡದೆ ದೊಡ್ಡಕ್ಕ ಮೆಲ್ಲಗೆ ಕೇಳಿದಳು:

"ನಿನ್ ಡ್ಯೂಟಿ ಎಷ್ಟೊತ್ತಿಗೆ ಮುಗಿಯುತ್ತಮ್ಮ?"