ಸೀರೆ ತಾಕಿದರೂ ಉರಿ

ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ತೌಡು ಸೋಸುವ ಗಾಳೆಮ್ಮನಿಗೆ ಬಲಗಡೆ ಹೊಟ್ಟೆನೋವು ಶುರುವಾಗಿ ಮೂರು ದಿನವಾಗಿತ್ತು. ಅದು 1944ರ ಬೇಸಿಗೆ. ನೆಟ್ಟಗೆ ನಿಲ್ಲಲಾರದ ಅವಳನ್ನು ಗಂಡ ಯಮನೂರಪ್ಪ ಬಂಡಿಯಲ್ಲಿ ಮಲಗಿಸಿಕೊಂಡು, ಹೈದರಾಬಾದಿನಿಂದ ಬಂದು ಊರಲ್ಲಿ ಸ್ವಂತ ದವಾಖಾನೆ ಇಟ್ಟಿದ್ದ ಡಾಕ್ಟರನ ಹತ್ತಿರ ಕರೆತಂದ.

ಡಾಕ್ಟರ್ ಮೂಗಿಗೆ ಕರವಸ್ತ್ರ ಹಿಡಿದೇ ಬಂದ. ಅವಳ ಬೆವರು, ತೌಡಿನ ಕಮಟು ವಾಸನೆ ಅವನಿಗೆ ಆಗಲಿಲ್ಲ. ಸೀರೆಯ ಮೇಲಿಂದಲೇ ಎರಡು ಬೆರಳು ಊರಿದ. ಗಾಳೆಮ್ಮ ಚೀರಿದಳು. ಅವನಿಗೆ ಕನ್ನಡ ಬಾರದ್ದರಿಂದ ಆಯಾ ಬಾಷಾಬಿ ನಡುವೆ ನಿಂತು ಉರ್ದುವಿನಲ್ಲಿ ಹೇಳುತ್ತಿದ್ದಳು.

"ನೋವು ಒಳಗಲ್ಲಕ್ಕಾ, ಮ್ಯಾಲೆ ತೊಗಲು ಉರಿತೈತಿ. ಸೀರಿ ತಾಕಿದ್ರೂ ಜೀವ ಹೋಗತೈತಿ ಅಂತ ಹೇಳು," ಎಂದಳು ಗಾಳೆಮ್ಮ.

ಡಾಕ್ಟರ್ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅಪೆಂಡಿಕ್ಸ್ ಎಂಬ ಕರುಳಿನ ಬಾಲ ಬಾತಿದೆ, ಇವತ್ತೇ ಕೊಯ್ಯದಿದ್ದರೆ ಒಡೆದು ಸಾಯುತ್ತಾಳೆ ಎಂದ. ಯಮನೂರಪ್ಪ ಹೆದರಿ ಹೆಬ್ಬೆಟ್ಟು ಒತ್ತಿದ.

ಎಚ್ಚರವಾದಾಗ ಗಾಳೆಮ್ಮನ ಬಾಯಿ ತುಂಬ ಕ್ಲೋರೋಫಾರ್ಮಿನ ಸಿಹಿ ನಾತ. ಎರಡು ಸಲ ಹಳದಿ ನೀರು ಕಾರಿಕೊಂಡಳು. ಕೊಯ್ದ ಗಾಯ ಬೇರೆ ನೋಯುತ್ತಿತ್ತು, ಮೊದಲಿನ ಉರಿಯೂ ಹಾಗೇ ಇತ್ತು. ಕೊಯ್ದ ಮೂರನೇ ದಿನ ಬೆನ್ನಿನಿಂದ ಹೊಕ್ಕುಳದವರೆಗೆ, ಬಲಮಗ್ಗುಲಿಗಷ್ಟೇ, ನೀರುಗುಳ್ಳೆಗಳು ಸಾಲಾಗಿ ಎದ್ದವು. ಒಡೆದವುಗಳ ರಸ ಪಟ್ಟಿಗೆ ಅಂಟಿಕೊಂಡಿತು.

ನೋಡಲು ಬಂದ ಅತ್ತೆ ಹುಲಿಗವ್ವ ಪಟ್ಟಿಯ ಅಂಚು ಎತ್ತಿದಳು. "ಇದು ಸರ್ಪಸುತ್ತು. ಇದಕ್ಕ ಹೊಟ್ಟಿ ಯಾಕ ಕೊಯ್ದ?"

ಗುಳ್ಳೆ ಏಳುವ ಮೊದಲು ನಾಲ್ಕೈದು ದಿನ ಹೀಗೆ ಒಂದೇ ಮಗ್ಗುಲು ಉರಿಯುವುದನ್ನು ಅವಳು ತನ್ನ ಅಕ್ಕನಲ್ಲಿ ಕಂಡಿದ್ದಳು.

ಡಾಕ್ಟರ್ ಬಾಗಿಲಲ್ಲೇ ನಿಂತು ಗುಳ್ಳೆ ಕಂಡು ಮುಖ ಕಿವುಚಿದ. ನೀವು ತೆಗೆದದ್ದು ಕೆಟ್ಟಿತ್ತೇ ಎಂದು ಗಾಳೆಮ್ಮ ಬಾಷಾಬಿಯ ಬಾಯಿಂದ ಕೇಳಿಸಿದಳು. ಅವನು ಏನೋ ಗೊಣಗಿದ. ಬಾಷಾಬಿ ನೆಲ ನೋಡುತ್ತ ಹೇಳಿದಳು, "ಛಲೋನ ಇತ್ತಂತ. ಹೋದ್ರೂ ಏನೂ ಲುಕ್ಸಾನಿಲ್ಲಂತ."

ಗಾಳೆಮ್ಮನಿಗೆ ತನ್ನ ಮೈಯ ರಸವಾಗಲಿ ನಾತವಾಗಲಿ ಅಷ್ಟು ಹೇಸಿಗೆ ಎನಿಸಿರಲಿಲ್ಲ. ಮುಟ್ಟಿ ನೋಡಲು ಹೇಸಿದವನು ತನ್ನ ಹೊಟ್ಟೆಯೊಳಗೆ ಕೈ ಹಾಕಿದ್ದನಲ್ಲ ಎಂದು ನೆನೆದರೆ ವಾಕರಿಕೆ ಬರುತ್ತಿತ್ತು.

ಒಂಬತ್ತನೇ ದಿನ ಹೊಲಿಗೆ ಬಿಚ್ಚಲು ಅವನು ಬಂದಾಗ ಅವಳು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇವನ ಕೈ ನನಗ ಬ್ಯಾಡ. ನೀನ ಬಿಚ್ಚಕ್ಕಾ."

ಡಾಕ್ಟರ್ ಹೊರಗೆ ಹೋದ. ಬಾಷಾಬಿ ಕತ್ತರಿಯನ್ನು ನೀರಲ್ಲಿ ಕುದಿಸಿ ತಂದು ಒಂದೊಂದೇ ದಾರ ಕತ್ತರಿಸಿದಳು.

ಗುಳ್ಳೆ ಒಣಗಿ ಹಕ್ಕಳೆ ಉದುರಲು ಇನ್ನೂ ಹದಿನೈದು ದಿನ ಹಿಡಿಯಿತು. ಗಾಳೆಮ್ಮ ಮತ್ತೆ ಮಿಲ್ಲಿಗೆ ಹೋಗತೊಡಗಿದಳು. ದವಾಖಾನೆಯ ಓಣಿ ಬಂದರೆ ಮಾತ್ರ ಉಗುಳಿ, ಸುತ್ತುದಾರಿ ಹಿಡಿಯುತ್ತಿದ್ದಳು.