ಅಂದಾಜು ಪಟ್ಟಿಯಲ್ಲಿ ಇಲ್ಲದವಳು

ಆ ಬಡಾವಣೆಯಲ್ಲಿ ಅವಳನ್ನು ಎಲ್ಲರೂ ಬಕೆಟ್ ಅಕ್ಕ ಅಂತಲೇ ಕರೆಯುತ್ತಿದ್ದರು. ತೋಟದ ಕೆಲಸ ಮಾಡುವವಳಿಗೆ ಗುದ್ದಲಿ ಅಕ್ಕ ಅನ್ನಬಹುದಿತ್ತು, ಕತ್ತರಿ ಅಕ್ಕ ಅನ್ನಬಹುದಿತ್ತು. ಆದರೆ ಯಾರ ಹಿತ್ತಲಿಗೆ ಕಾಲಿಟ್ಟರೂ ಅವಳು ಮೊದಲು ಕೇಳುತ್ತಿದ್ದದ್ದು ನೀರು. ಹನ್ನೆರಡು ಬಕೆಟ್. ಅದನ್ನು ಮೂಲೆಮೂಲೆಗೆ ಸುರಿದು, ಚಪ್ಪಲಿ ಬಿಚ್ಚಿಟ್ಟು, ನೀರು ಎತ್ತ ಹೋಗುತ್ತದೆ ಅಂತ ಬರಿಗಾಲಲ್ಲಿ ಅದರ ಬೆನ್ನು ಹತ್ತುತ್ತಿದ್ದಳು. ನೋಡಿದವರು ನಗುತ್ತಿದ್ದರು. ನಗಲಿ ಬಿಡಿ. ನೆಲದ ಏರುತಗ್ಗು ನೀರಿಗೆ ಗೊತ್ತಾಗುವಷ್ಟು ಅಳತೆಯ ಟೇಪಿಗೆ ಗೊತ್ತಾಗುವುದಿಲ್ಲ ಅನ್ನುವುದು ಅವಳ ಹಟ, ಮತ್ತು ಆ ಹಟ ಅವಳನ್ನು ಒಂದು ಸಲವೂ ಕೈಬಿಟ್ಟಿರಲಿಲ್ಲ.

ಹತ್ತೊಂಬತ್ತು ವರ್ಷ ಒಬ್ಬ ಕಂಟ್ರಾಕ್ಟರ ಕೈಕೆಳಗೆ ದುಡಿದವಳು ಅವಳು. ದೊಡ್ಡ ದೊಡ್ಡ ಮನೆಗಳ ತೋಟ ಹಾಕಿಸಿ ಹೆಸರು ಮಾಡಿದ್ದು ಆತ, ಆ ತೋಟಗಳಲ್ಲಿ ಮಂಡಿಯೂರಿದ್ದು ಇವಳು. ಒಂದು ದಿನ ಹೊಸ ಗಿರಾಕಿಯೊಬ್ಬ ಇವಳನ್ನು ತೋರಿಸಿ "ಇವರು ಯಾರು?" ಅಂತ ಕೇಳಿದ. ಕಂಟ್ರಾಕ್ಟರು ಫೋನಿನಿಂದ ತಲೆ ಎತ್ತದೆ "ಅವಳಾ? ಗಿಡಕ್ಕೆ ನೀರು ಹಾಕೋಳು" ಅಂದುಬಿಟ್ಟ. ಇವಳ ಮೈ ಉರಿದುಹೋಯಿತು. ಆ ಸಂಜೆಯೇ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಟಾಗ ಆತ ಬಾಗಿಲಲ್ಲಿ ನಿಂತು ನಕ್ಕ. "ಆರು ತಿಂಗಳು. ಆರೇ ತಿಂಗಳು ನೋಡ್ತಿರು. ಮತ್ತೆ ಇದೇ ಬಾಗಿಲಿಗೆ ಬಂದು ನಿಲ್ತೀಯ."

ಐದು ತಿಂಗಳು ಕಳೆದವು. ಈ ಐದು ತಿಂಗಳಲ್ಲಿ ಸಿಕ್ಕಿದ್ದೇನು? ನಾಲ್ಕು ಮನೆಯ ಬೇಲಿ ಕತ್ತರಿಸುವುದು, ಒಂದು ಬ್ಯಾಂಕಿನ ಮುಂದಿನ ಕುಂಡಗಳ ಮಣ್ಣು ಬದಲಾಯಿಸುವುದು, ಒಣಗಿದ ಮರವೊಂದರ ಬುಡ ಕೀಳುವುದು. ಗಂಡ ತೀರಿಹೋದ ಮೇಲೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಕೂಡಿಟ್ಟದ್ದು ಇನ್ನೊಂದು ತಿಂಗಳಿಗೆ ಬರುವಷ್ಟಿತ್ತು. ಅಷ್ಟರೊಳಗೆ ಒಂದು ಪೂರ್ತಿ ತೋಟದ ಕೆಲಸ ಸಿಗದಿದ್ದರೆ ಆ ಬಾಗಿಲಿಗೆ ಹೋಗಿ ನಿಲ್ಲದೆ ಬೇರೆ ದಾರಿ ಇರಲಿಲ್ಲ. ಅದನ್ನು ನೆನೆಸಿಕೊಂಡರೇ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಆಗ ಬಂತು ಕಂಡಕ್ಟರ ಮನೆಯ ಕೆಲಸ.

ಆತ ಬಸ್ಸಿನ ಕಂಡಕ್ಟರಾಗಿ ಮೂವತ್ತೈದು ವರ್ಷ ನಿಂತುಕೊಂಡೇ ಕಳೆದು ನಿವೃತ್ತನಾದವನು. ಈಗ ಒಂದು ಹುಲ್ಲುಹಾಸು ಮಾಡಿಸಿ, ಕುರ್ಚಿ ಹಾಕಿಕೊಂಡು ಕೂರಬೇಕು ಅನ್ನುವುದು ಆತನ ಆಸೆ. ಹಿತ್ತಲು ಚಿಕ್ಕದು, ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಅಡುಗೆಮನೆಯ ಬಾಗಿಲು. ಬಕೆಟ್ ಅಕ್ಕ ನೋಡಲು ಹೋದ ದಿನ ಆತನ ಹೆಂಡತಿ ಮನೆಯಲ್ಲಿರಲಿಲ್ಲ, ಟ್ಯಾಂಕಿನಲ್ಲಿ ನೀರೂ ಇರಲಿಲ್ಲ. ಬಕೆಟ್ ಸುರಿಯುವುದು ಆಗಲಿಲ್ಲ. ಆದರೆ ಅಡುಗೆಮನೆಯ ಹೊಸ್ತಿಲಿಗೆ ಒತ್ತಿ ಮಡಿಚಿಟ್ಟ ಗೋಣಿಚೀಲವನ್ನೂ ಗೋಡೆಯ ಬುಡದಲ್ಲಿ ಗೇಣೆತ್ತರಕ್ಕೆ ಹತ್ತಿದ್ದ ಕೆಸರಿನ ಗೆರೆಯನ್ನೂ ಅವಳು ನೋಡಿದಳು. ಅಷ್ಟು ಸಾಕಾಗಿತ್ತು.

ಅವತ್ತೇ ಕೂತು ಅಂದಾಜು ಪಟ್ಟಿ ಬರೆದಳು. ಮಣ್ಣು, ಗೊಬ್ಬರ, ಜಲ್ಲಿ, ನೀರು ಹೋಗಲು ತೂತಿನ ಪೈಪು, ಹುಲ್ಲು, ಗೋಡೆಯುದ್ದಕ್ಕೂ ಹೂವಿನ ಗಿಡ, ಎಂಟು ದಿನಕ್ಕೆ ಇಬ್ಬರು ಆಳುಗಳ ಕೂಲಿ, ಲಾರಿ ಬಾಡಿಗೆ. ಒಟ್ಟು ಮೂವತ್ತೆಂಟು ಸಾವಿರ. ಮಾರನೆಯ ಸಂಜೆಗೇ ಕಂಡಕ್ಟರು ಫೋನ್ ಮಾಡಿದ. "ಏನಮ್ಮಾ, ಇನ್ನೊಬ್ಬರು ಐವತ್ತೆರಡು ಹೇಳಿದ್ದಾರೆ. ನಿಮ್ಮದೇ ಇರಲಿ. ಸೋಮವಾರ ಶುರು ಮಾಡಿ."

ಅವಳಿಗೆ ಸ್ವರ್ಗ ಮೂರೇ ಗೇಣು. ಅಡುಗೆಮನೆಗೆ ಓಡಿಹೋಗಿ ಅತ್ತೆಯ ಮುಂದೆ ಪಟ್ಟಿ ಹಿಡಿದಳು. ಅತ್ತೆ ಜೀವಮಾನವೆಲ್ಲ ಬಟ್ಟೆ ಹೊಲಿದ ಹೆಂಗಸು. ಕಣ್ಣು ಮಂಜಾಗಿದ್ದರೂ ನಾಲಿಗೆಗೆ ಇನ್ನೂ ಸೂಜಿಯ ಮೊನೆಯಿತ್ತು. ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗೆ ಓದಿದಳು, ಕೆಳಗಿನಿಂದ ಮೇಲೆ ಓದಿದಳು.

"ಮಣ್ಣಿದೆ, ಗೊಬ್ಬರ ಇದೆ, ಲಾರಿ ಇದೆ. ಇದರಲ್ಲಿ ನೀನೆಲ್ಲಿದ್ದೀಯ?"

"ಅಂದ್ರೆ?"

"ನಿನ್ನ ಕೂಲಿ ಎಲ್ಲಿ ಅಂತ ಕೇಳ್ದೆ ಕಣೇ."

ಬಕೆಟ್ ಅಕ್ಕ ಪಟ್ಟಿ ಇಸಿದುಕೊಂಡು ತಾನೇ ಓದಿದಳು. ಹತ್ತೊಂಬತ್ತು ವರ್ಷ ಕಂಟ್ರಾಕ್ಟರ ಆಫೀಸಿನಲ್ಲಿ ನೂರಾರು ಪಟ್ಟಿ ಬರೆದವಳು ಅವಳೇ. ಸಾಮಾನು ಬರೆ, ಆಳು ಬರೆ, ಲಾರಿ ಬರೆ, ಅಷ್ಟೇ. ಅವಳದು ತಿಂಗಳ ಸಂಬಳ, ಪಟ್ಟಿಗೆ ಸೇರುವಂಥದ್ದಲ್ಲ. ಕೊನೆಯ ಸಾಲನ್ನು, ತನ್ನ ಪಾಲಿನ ದುಡ್ಡನ್ನು, ಯಜಮಾನ ತನ್ನ ಕೈಯಾರೆ ಸೇರಿಸಿಕೊಳ್ಳುತ್ತಿದ್ದ. ಅದೇ ಅಭ್ಯಾಸ ಕೈಯಲ್ಲಿ ಕೂತುಬಿಟ್ಟಿತ್ತು. ಸ್ವಂತ ಕೆಲಸದ ಮೊದಲ ದೊಡ್ಡ ಪಟ್ಟಿಯಲ್ಲಿ ಅವಳು ಎರಡು ಚೀಲ ಬೇವಿನ ಹಿಂಡಿಯನ್ನು ಮರೆತಿರಲಿಲ್ಲ, ತನ್ನನ್ನು ಮರೆತಿದ್ದಳು.

"ಒಪ್ಪಿಕೊಂಡುಬಿಟ್ಟಿದ್ದಾರಲ್ಲ ಅತ್ತೆ. ಇದೊಂದು ಕೆಲಸ ಹೀಗೇ ಮಾಡಿಬಿಡ್ಲಾ?"

"ಮಾಡು, ಮಾಡು. ನಾನೂ ದಾರದ ದುಡ್ಡು ಮಾತ್ರ ಇಸ್ಕೊಂಡು ಹೊಲಿಗೆ ಕೂಲಿ ಬಿಟ್ಟಿದ್ರೆ ನಿನ್ನ ಗಂಡ ಮಣ್ಣು ತಿಂದು ಬೆಳೀತಿದ್ದ," ಅಂದಳು ಅತ್ತೆ. ಆಮೇಲೆ ದನಿ ತಗ್ಗಿಸಿ, "ಹೋಗಿ ಹೇಳು. ಬಿಟ್ಟುಹೋಗಿತ್ತು ಅನ್ನು. ಸುಳ್ಳೇನಲ್ವಲ್ಲ" ಅಂದಳು.

ನೆಲ ನೋಡಿ ಮಟ್ಟ ಹಿಡಿಯಲು ಒಂದು ದಿನ, ಕೆಲಸಕ್ಕೆ ಎಂಟು ದಿನ. ದಿನಕ್ಕೆ ಎರಡು ಸಾವಿರ. ಹದಿನೆಂಟು. ಎಲ್ಲ ಸೇರಿ ಐವತ್ತಾರು. ಆ ಇನ್ನೊಬ್ಬರಿಗಿಂತ ನಾಲ್ಕು ಸಾವಿರ ಜಾಸ್ತಿ. ಆ ಸಂಖ್ಯೆ ಬರೆಯುವಾಗ ಅವಳ ಪೆನ್ನು ಎರಡು ಸಲ ನಿಂತಿತು.

ಬೆಳಿಗ್ಗೆ ಕಂಡಕ್ಟರ ಹಿತ್ತಲಿಗೆ ಹೋದರೆ, ಬೇಡ ಅಂದದ್ದೇ ಎದುರಿಗೆ ನಿಂತಿತ್ತು. ಫಳಫಳ ಹೊಳೆಯುವ ಬೂಟು ಹಾಕಿಕೊಂಡು, ಬಣ್ಣದ ಚಿತ್ರವೊಂದನ್ನು ಬಿಚ್ಚಿ ಹಿಡಿದು ಕಂಟ್ರಾಕ್ಟರೇ ನಿಂತಿದ್ದ. ಆ ಐವತ್ತೆರಡರವನು ಬೇರೆ ಯಾರೂ ಅಲ್ಲ, ಇವನೇ. ಕೈಜಾರಿದ ಗಿರಾಕಿಯನ್ನು ಮತ್ತೆ ಹಿಡಿಯಲು ಬಂದಿದ್ದ.

"ಓಹೋ, ಬಾ ಬಾ," ಅಂದ ಇವಳನ್ನು ಕಂಡು. "ನಿನ್ನ ಮಾತೇ ಆಡ್ತಿದ್ದೆ. ಸಾರ್, ಮೂವತ್ತೆಂಟಕ್ಕೆ ಈ ಕೆಲಸ ಆಗೋಕೆ ಸಾಧ್ಯವೇ ಇಲ್ಲ. ಇವಳು ಏನೋ ಬಿಟ್ಟಿರ್ತಾಳೆ. ಕೇಳಿ ನೋಡಿ."

ಕಂಡಕ್ಟರು ಇವಳ ಕಡೆ ತಿರುಗಿದ. "ಏನಾದ್ರೂ ಬಿಟ್ಟಿದ್ದೀರಾಮ್ಮಾ?"

ಸುಳ್ಳು ಹೇಳಿದ್ದರೆ ಆ ಕ್ಷಣ ಕಳೆದುಹೋಗುತ್ತಿತ್ತು. ಅವಳು ಹೊಸ ಪಟ್ಟಿಯನ್ನು ಬಿಚ್ಚಿದಳು. "ಬಿಟ್ಟಿದ್ದೀನಿ ಸಾರ್. ನನ್ನ ಕೂಲಿ ಬರೆದಿರಲಿಲ್ಲ. ಸೇರಿಸಿದ್ರೆ ಐವತ್ತಾರು ಆಗುತ್ತೆ."

ಕಂಟ್ರಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕ. ಕಂಡಕ್ಟರ ಮುಖ ಗಂಟಾಯಿತು. "ಇದೆಂಥ ಮಾತಮ್ಮಾ? ಬಸ್ ಹತ್ತಿಸಿಕೊಂಡ ಮೇಲೆ ಟಿಕೆಟ್ ರೇಟ್ ಜಾಸ್ತಿ ಮಾಡ್ತಾರಾ?"

"ಬಸ್ ಇನ್ನೂ ಹೊರಟಿಲ್ಲ ಸಾರ್. ಇಳೀಬೇಕು ಅಂದ್ರೆ ಈಗಲೇ ಇಳೀಬಹುದು. ಅದಕ್ಕೆ ಮುಂಚೆ ನನಗೆ ಹನ್ನೆರಡು ಬಕೆಟ್ ನೀರು ಕೊಡಿ, ಅಷ್ಟೇ ಕೇಳ್ತೀನಿ."

"ಶುರುವಾಯ್ತು ನೋಡಿ ಇವಳ ನಾಟಕ," ಅಂದ ಕಂಟ್ರಾಕ್ಟರು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆದು ಕಂಡಕ್ಟರ ಹೆಂಡತಿ ಹೊರಗೆ ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಎಲ್ಲವನ್ನೂ ಒಳಗಿನಿಂದ ಕೇಳಿಸಿಕೊಂಡಿದ್ದಳು ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು. "ನೀರು ನಾನು ಕೊಡ್ತೀನಿ, ಬಾಮ್ಮ," ಅಂದು ತಾನೇ ಎರಡೆರಡಾಗಿ ಹನ್ನೆರಡು ಬಕೆಟ್ ತುಂಬಿ ತಂದಿಟ್ಟಳು.

ಬಕೆಟ್ ಅಕ್ಕ ಚಪ್ಪಲಿ ಬಿಟ್ಟಳು. ಹಿಂದಿನ ಗೋಡೆಯ ಉದ್ದಕ್ಕೂ ಆರು ಬಕೆಟ್, ಎಡಕ್ಕೆ ಮೂರು, ಬಲಕ್ಕೆ ಮೂರು. ಕೆಂಪು ನೀರು ಎತ್ತ ಸರಿಯುತ್ತಿದೆ ಅಂತ ಕಣ್ಣಿಗೆ ಸರಿಯಾಗಿ ಹತ್ತಲಿಲ್ಲ. "ಸಾರ್, ಒಂದಿಷ್ಟು ಕಾಗದದ ಚೂರು ಇದ್ರೆ ಕೊಡಿ." ಕಂಡಕ್ಟರು ಒಳಗೆ ಹೋಗಿ ಒಂದು ಕಟ್ಟು ಹಳೆಯ ಟಿಕೆಟ್ ತಂದ. ಚಲಾವಣೆ ನಿಂತುಹೋದ ಆ ಟಿಕೆಟ್‌ಗಳನ್ನು ನೆನಪಿಗೆ ಅಂತ ಇಟ್ಟುಕೊಂಡಿದ್ದ. ಹೆಂಡತಿ ಅವುಗಳ ಬೆನ್ನ ಮೇಲೆ ಸಾಮಾನಿನ ಚೀಟಿ ಬರೆಯುತ್ತಿದ್ದಳು. ಕೈ ಅಭ್ಯಾಸದಲ್ಲೇ ಚರಚರನೆ ಹರಿದು ಆತ ನೀರಿನ ಮೇಲೆ ಉದುರಿಸಿದ.

ಟಿಕೆಟ್‌ಗಳು ಒಂದು ಗಳಿಗೆ ನಿಂತವು. ಆಮೇಲೆ ಒಂದರ ಹಿಂದೆ ಒಂದು ಮೆಲ್ಲಗೆ ಹೊರಟವು. ಹಿಂದಿನ ಗೋಡೆಯಿಂದ, ಎಡದಿಂದ, ಬಲದಿಂದ, ಎಲ್ಲವೂ ಸಾಲಾಗಿ ಬಂದು ಅಡುಗೆಮನೆಯ ಹೊಸ್ತಿಲಿಗೆ ಮುತ್ತಿಕೊಂಡವು. ದಾರಿಯಲ್ಲಿ ನೀರು ಕಂಟ್ರಾಕ್ಟರ ಬೂಟನ್ನೂ ತೋಯಿಸಿಯೇ ಬಂತು.

"ಅರೆ, ಎಲ್ಲರೂ ನಮ್ಮ ಅಡುಗೆಮನೇಲೇ ಇಳೀತಿದ್ದಾರಲ್ಲ," ಅಂದ ಕಂಡಕ್ಟರು, ಬಾಯಿ ತೆರೆದುಕೊಂಡು.

"ಹದಿನಾಲ್ಕು ವರ್ಷದಿಂದ ಇಳೀತಿದ್ದಾರೆ," ಅಂದಳು ಹೆಂಡತಿ. "ಮಳೆ ಬಂದಾಗಲೆಲ್ಲ ಗೋಣಿಚೀಲ ಒತ್ತಿ, ನೀರು ಬಳಿದು ಬಳಿದು ನನ್ನ ಸೊಂಟ ಬಿದ್ದುಹೋಯ್ತು. ನೀವು ಬಸ್ಸಲ್ಲಿ ಇರ್ತಿದ್ರಿ, ನಿಮಗೇನು ಗೊತ್ತು?" ಅವಳು ಕಂಟ್ರಾಕ್ಟರ ಕಡೆ ತಿರುಗಿದಳು. "ನಿಮ್ಮ ಚಿತ್ರದಲ್ಲಿ ಈ ನೀರು ಎಲ್ಲಿಗೆ ಹೋಗುತ್ತಪ್ಪ?"

ಕಂಟ್ರಾಕ್ಟರು ಚಿತ್ರವನ್ನು ತಿರುಗಿಸಿ ನೋಡಿದ. ಅದರಲ್ಲಿ ಹಸಿರು ಹುಲ್ಲಿತ್ತು, ಬಿಳಿ ಕುರ್ಚಿಯಿತ್ತು, ನಗುವ ದಂಪತಿಗಳಿದ್ದರು. ನೀರಿಗೆ ದಾರಿ ಇರಲಿಲ್ಲ. "ಅದು ನೆಲವೇ ಕುಡಿಯುತ್ತೆ ಅಮ್ಮಾ," ಅಂದ.

"ಕುಡಿಯೋ ನೆಲ ಆಗಿದ್ರೆ ಹದಿನಾಲ್ಕು ವರ್ಷದಿಂದ ಉಪವಾಸ ಯಾಕಿತ್ತು?" ಅಂದಳು ಆಕೆ.

ಬಕೆಟ್ ಅಕ್ಕ ಹೇಳಿದಳು. ಹೊಸ್ತಿಲ ಮುಂದೆ ಮೊಣಕಾಲುದ್ದದ ಕಾಲುವೆ ತೋಡಿ, ತೂತಿನ ಪೈಪಿಟ್ಟು, ಮೇಲೆ ಜಲ್ಲಿ ತುಂಬಬೇಕು. ಬಲಮೂಲೆಯ ಗೋಡೆಯಾಚೆ ರಸ್ತೆಯ ಚರಂಡಿ ಇದೆ, ಅಲ್ಲಿಗೆ ನೀರು ಬಿಡಬೇಕು. ನೆಲವನ್ನು ಅತ್ತ ಇಳಿಜಾರು ಮಾಡಿಯೇ ಹುಲ್ಲು ಹಾಸಬೇಕು. ಇಲ್ಲದಿದ್ದರೆ ಒಂದೇ ಮಳೆಗೆ ಹುಲ್ಲು ಕೊಳೆಯುತ್ತದೆ. ಕಂಡಕ್ಟರು ತಲೆ ಕೆರೆದುಕೊಂಡ.

"ಸರಿ, ನಿಮಗೇ ಕೊಡ್ತೀನಿ. ಆದ್ರೆ ಅವರ ರೇಟಿಗೇ ಮಾಡಿಕೊಡಿ. ಐವತ್ತೆರಡು."

ಹ್ಞೂಂ ಅನ್ನಲು ನಾಲಿಗೆ ತುದಿಗೆ ಬಂದಿತ್ತು. ಕೆಲಸ ಸಿಗುತ್ತಿತ್ತು, ನಾಲ್ಕು ಸಾವಿರ ಹೋದರೆ ಹೋಗಲಿ ಅನ್ನಿಸಿತು. ಆಗ "ಇದರಲ್ಲಿ ನೀನೆಲ್ಲಿದ್ದೀಯ" ಅನ್ನುವ ಅತ್ತೆಯ ದನಿ ಕಿವಿಯಲ್ಲಿ ಕೇಳಿದಂತಾಯಿತು. ಅವಳು ಪಟ್ಟಿಯನ್ನು ಆತನ ಕೈಗಿಟ್ಟಳು.

"ನಾಲ್ಕು ಸಾವಿರ ಕಳೀಬಹುದು ಸಾರ್. ಹೂವಿನ ಗಿಡ ಈ ಸಲ ಬೇಡ ಅನ್ನಿ, ಕಳೀತೀನಿ. ಹುಲ್ಲು ಅರ್ಧಕ್ಕೆ ಹಾಕಿಸಿ, ಕಳೀತೀನಿ. ನನ್ನ ಸಾಲಿಂದ ಮಾತ್ರ ಒಂದು ಕಾಸೂ ಕಳಿಯಲ್ಲ."

ಕಂಡಕ್ಟರು ಪಟ್ಟಿ ನೋಡಿದ, ಹೆಂಡತಿಯನ್ನು ನೋಡಿದ. ಹೆಂಡತಿ ಬಗ್ಗಿ ಒದ್ದೆ ಗೋಣಿಚೀಲವನ್ನು ಎತ್ತಿ ಗಂಡನ ಕೈಗೆ ಕೊಟ್ಟಳು. "ನಾಲ್ಕು ಸಾವಿರ ಉಳಿಸ್ತೀರಾ? ಉಳಿಸಿ. ಮುಂದಿನ ಮಳೆಗೆ ಇದನ್ನ ನೀವು ಒತ್ತಿ."

"ಗಿಡವೂ ಇರಲಿ, ಹುಲ್ಲೂ ಇರಲಿ," ಅಂದ ಕಂಡಕ್ಟರು ಆ ಚೀಲವನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು. "ಐವತ್ತಾರು. ರೈಟ್, ಹೋಗೋಣ."

ಕಂಟ್ರಾಕ್ಟರು ಚಿತ್ರ ಸುತ್ತಿಕೊಂಡು, ಒದ್ದೆ ಬೂಟು ಪಚಪಚ ಅನ್ನಿಸುತ್ತ ಹೊರಟುಹೋದ. ಬಕೆಟ್ ಅಕ್ಕ ಚಪ್ಪಲಿ ಮೆಟ್ಟಲು ಮರೆತು ಬರಿಗಾಲಲ್ಲೇ ಅರ್ಧ ಬೀದಿ ನಡೆದು, ಮತ್ತೆ ವಾಪಸ್ ಬರಬೇಕಾಯಿತು.

ಎಂಟು ದಿನ ಅಂದರೆ ಎಂಟೇ ದಿನ. ಹುಲ್ಲು ಬೇರು ಹಿಡಿದ ಮೂರನೆಯ ವಾರ ಆಕಾಶ ತೂತಾದಂತೆ ಮಳೆ ಹೊಯ್ದಿತು. ಮಳೆ ನಿಲ್ಲುವ ಮೊದಲೇ ಕಂಡಕ್ಟರ ಹೆಂಡತಿಯ ಫೋನು. ಬಕೆಟ್ ಅಕ್ಕ ಅತ್ತೆಯನ್ನೂ ಕರೆದುಕೊಂಡು ಛತ್ರಿ ಹಿಡಿದು ಓಡಿದಳು. ದಂಪತಿಗಳಿಬ್ಬರೂ ಹೊಸ್ತಿಲ ಮೇಲೆ ನಿಂತಿದ್ದರು. ಹೊಸ್ತಿಲು ಒಣಗಿತ್ತು. ಕಂಡಕ್ಟರು ಟಿಕೆಟ್ ಹರಿದು ಹರಿದು ಎಸೆಯುತ್ತಿದ್ದ, ಅವು ಬಲಮೂಲೆಯ ಜಲ್ಲಿಯ ಕಡೆಗೆ ಸಾಲುಗಟ್ಟಿ ಹೋಗುತ್ತಿದ್ದವು. "ಮುಂದೆ ಹೋಗಿ, ಮುಂದೆ ಹೋಗಿ, ಕೊನೇ ಸ್ಟಾಪು ಅಲ್ಲಿ," ಅಂತ ಆತ ಮೂವತ್ತೈದು ವರ್ಷದ ಗಂಟಲಲ್ಲಿ ಕೂಗುತ್ತಿದ್ದ. ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಬಕೆಟ್ ಅಕ್ಕನಿಗೂ ಕಣ್ಣು ತುಂಬಿ ಬಂತು. ಹೆಮ್ಮೆಗೆ ಅತ್ತದ್ದು ಅವಳ ಬಾಳಿನಲ್ಲಿ ಅದೇ ಮೊದಲು.

ಅದಾಗಿ ನಾಲ್ಕು ದಿನಕ್ಕೆ, ಲೆಕ್ಕ ಹಾಕಿದರೆ ಆರನೆಯ ತಿಂಗಳ ಕೊನೆಗೆ, ಕಂಟ್ರಾಕ್ಟರ ಫೋನು ಬಂತು. ಅದೇ ಮಳೆಗೆ ಆತ ಹಾಕಿಸಿದ ಒಂದು ದೊಡ್ಡ ತೋಟ ಕೆರೆಯಾಗಿ ಕೂತಿತ್ತು. ಮೂರು ಸಲ ಅಗೆಸಿದರೂ ನೀರು ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಆತ ಗಂಟಲು ಸರಿಮಾಡಿಕೊಂಡ. "ಒಂದು ಸಲ ಬಂದು, ಆ ನಿಮ್ಮ ಬಕೆಟ್ ಸುರಿದು ನೋಡ್ತೀರಾ?"

ನೋಡ್ತೀರಾ. ಹತ್ತೊಂಬತ್ತು ವರ್ಷದಲ್ಲಿ ಆ ಬಾಯಿಂದ ಬಾರದ ಬಹುವಚನ ಅದು.

"ಬರ್ತೀನಿ ಯಜಮಾನ್ರೇ," ಅಂದಳು ಅವಳು. "ಎಸ್ಟಿಮೇಟ್ ಕಳಿಸ್ತೀನಿ, ನೋಡಿ ಒಪ್ಪಿಗೆ ಹೇಳಿ."

ಊಟದ ಮೇಜಿನ ಮೇಲೆ ಕೂತು ಬರೆದಳು. ಬರೆಯುವುದು ಬೇಗ ಮುಗಿಯಿತು. ಅತ್ತೆ ಕನ್ನಡಕ ಹುಡುಕುತ್ತ, "ಇದರಲ್ಲಿ ಎಲ್ಲಿದ್ದೀಯ ಈ ಸಲ?" ಅಂದಳು.

ಬಕೆಟ್ ಅಕ್ಕ ಹಾಳೆಯನ್ನು ಅತ್ತೆಯ ಮುಂದೆ ಸರಿಸಿದಳು. ಮಣ್ಣಿಲ್ಲ, ಗೊಬ್ಬರವಿಲ್ಲ, ಲಾರಿಯಿಲ್ಲ. ಇಡೀ ಹಾಳೆಗೆ ಒಂದೇ ಸಾಲು.

"ಬೇರೆ ಏನೂ ಇಲ್ಲ ಅತ್ತೆ. ನಾನೊಬ್ಬಳೇ ಇದ್ದೀನಿ."